ಗದ್ದೆಮ್ಮ ಹೊರಳಿಸಿದ ಮೊಟ್ಟೆಗಳು

ದೇವಸುಗೂರಿನ ಗದ್ದೆಮ್ಮ ಕಾವಿಗೆ ಇಟ್ಟ ಮೊಟ್ಟೆ ಕೆಟ್ಟಿತೆಂದು ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಕೋಳಿ ಅರ್ಧಕ್ಕೆ ಎದ್ದುಹೋದರೆ ಹೊಟ್ಟು ತುಂಬಿದ ಬುಟ್ಟಿಯನ್ನು ಒಲೆಯ ಪಕ್ಕದಲ್ಲಿಟ್ಟು, ಮೊಟ್ಟೆಗಳನ್ನು ಹೊತ್ತುಹೊತ್ತಿಗೆ ತಾನೇ ಹೊರಳಿಸಿ ಮರಿ ಮಾಡಿಸುವವಳು ಅವಳು. ಗಬ್ಬೂರಿನಿಂದ ಮದುವೆಯಾಗಿ ಬಂದವಳು, ಅಕ್ಷರ ತಿಳಿಯದು. ನಾನೂ ಸಾಲೆಯ ಮೆಟ್ಟಿಲು ಹತ್ತದೆ ಓದು ಕಲಿತವನು. ಕಾಗದ ಬಂದರೆ ನನ್ನ ಕಟ್ಟೆಗೇ ತರುತ್ತಾಳೆ.

ಬೇಸಿಗೆಗೆ ಕೃಷ್ಣೆ ಇಳಿದಾಗ ಏಳುವ ಮರಳು ದಿಬ್ಬದಲ್ಲಿ ಅವಳದು ಕಲ್ಲಂಗಡಿ. ಅವಳ ಅತ್ತೆಯೂ ಅಲ್ಲೇ ಬೆಳೆದವಳು. ಆದರೆ ಪಹಣಿಯಿಲ್ಲ, ಪಟ್ಟಾ ಇಲ್ಲ. ಮಳೆಗಾಲದಲ್ಲಿ ಹೊಳೆ ಒಯ್ಯುತ್ತದೆ, ಆಮೇಲೆ ಅದೇ ಕೊಡುತ್ತದೆ. ಅವಳು ಹೊಳೆಯನ್ನು ನಂಬುತ್ತಾಳೆ, ಹಗ್ಗ ಹಿಡಿದು ಬರುವವರನ್ನು ನಂಬುವುದಿಲ್ಲ. ನಾಲ್ಕು ವರ್ಷದ ಹಿಂದೆ ಯಾರೋ ಅಳೆದು ಹೋದ ತಿಂಗಳೊಪ್ಪತ್ತಿನಲ್ಲೇ ಮೇಲಿನ ದಿಬ್ಬದ ರೇವಣಸಿದ್ದನ ಸೌತೆಬಳ್ಳಿ ಕಿತ್ತು, ಅವನನ್ನು ದಡಕ್ಕೆ ಅಟ್ಟಿದ್ದರು.

ಹೋದ ವರ್ಷ ಶಿವರಾತ್ರಿ ಮುಗಿದ ವಾರ ವಿಶಾಖಾ ಎಂಬ ಹುಡುಗಿ ಬಂದಳು. ಕೈಯಲ್ಲಿ ಟೇಪು, ಕೊರಳಲ್ಲಿ ನಿಂತ ಜಾಗದ ಗುರುತು ಹಿಡಿಯುವ ಡಬ್ಬಿ.

“ಯಾವೂರಾಕಿ ಬೇ?” ಗದ್ದೆಮ್ಮ ಬಳ್ಳಿಯ ನಡುವಿನಿಂದಲೇ ಕೂಗಿದಳು.

“ಕಲ್ಲೂರ್ರೀ ಯವ್ವಾ, ಮಾನ್ವಿ ಕಡಿ. ಸಾಲಿ ಮಾಸ್ತರ ಪಂಪಾಪತಿ ಮಗಳು.”

“ಮಾಸ್ತರನ ಮಗಳಿಗೆ ಮರಳಾಗ ಏನು ಕೆಲಸ?”

“ಆಮಿ ಎಲ್ಲಿ ಮೊಟ್ಟಿ ಇಡ್ತಾವ, ಎಷ್ಟು ಉಳೀತಾವ ಅಂತ ಬರ್ಕೊಳ್ಳಾಕತ್ತೀನ್ರೀ.”

ಆಸ್ಟ್ರೇಲಿಯಾದಲ್ಲಿ ಮೇರಿ ಎಂಬ ನದಿಯಿದೆಯಂತೆ. ಆ ನದಿ ಬಿಟ್ಟರೆ ಬೇರೆಲ್ಲೂ ಇರದ ಒಂದು ಆಮೆ ಅಳಿವಿನ ಅಂಚಿಗೆ ಬಂದಿದೆಯಂತೆ. ಮೂರು ವರ್ಷ ಅದರ ಸಂಶೋಧನೆಯಲ್ಲಿದ್ದು, ಕಲಿತದ್ದನ್ನು ನಮ್ಮ ಹೊಳೆಗೆ ತಂದಿದ್ದೇನೆ ಎಂದಳು. ಫೋನಿನಲ್ಲಿ ಚಿತ್ರವನ್ನೂ ತೋರಿಸಿದಳು. ತಲೆಯ ಮೇಲೆ ಪಾಚಿ, ಹಸಿರು ಕೂದಲಿನ ಹಾಗೆ.

“ಇದು ಹಿಂದಿನಿಂದನೂ ಉಸಿರಾಡ್ತದ್ರೀ. ಮುಳುಗಿದ್ರ ಬಾಳ ಹೊತ್ತು ಮ್ಯಾಲೆ ಬರಂಗಿಲ್ಲ.”

ಅಲ್ಲಿಗೆ ಮುಗಿಯಿತು. ಸಂಜೆ ಗದ್ದೆಮ್ಮ ನನ್ನ ಕಟ್ಟೆಗೆ ಬಂದು ಸೆರಗು ಕೊಡವಿದಳು.

“ಕೇಳಿದಿಯೇನಣ್ಣಾ? ಮುಕಳಿಲೆ ಉಸಿರಾಡೋ ಆಮಿ ಅಂತ! ಸುಳ್ಳಿಗೂ ಒಂದು ಮೂಗು ಬ್ಯಾಡೇನು? ಈಕಿ ನನ್ನ ದಿಬ್ಬ ನುಂಗಾಕ ಬಂದಾಳ.”

ಹಾವು ತುಳಿದವನಿಗೆ ಹಗ್ಗವೂ ಹೆಡೆಯೆತ್ತುತ್ತದೆ. ನಾನೂ ಹೂಂಗುಟ್ಟಿದೆ.

ಮೂರನೆಯ ದಿನ ಅವಳ ಬಳ್ಳಿಯ ತುದಿಯಲ್ಲೇ ನಾಯಿಯೊಂದು ಮರಳು ಕೆದರುತ್ತಿತ್ತು. ಓಡಿಸಿ ನೋಡಿದರೆ ಹದಿನೆಂಟು ಆಮೆ ಮೊಟ್ಟೆ. ಹುಡುಗಿಯ ಕಣ್ಣಿಗೆ ಬಿದ್ದರೆ ಡಬ್ಬಿಗೆ ಜಾಗ ಸೇರುತ್ತದೆ, ಆಮೆಗೆ ದಿಬ್ಬ, ನನಗೆ ದಡ ಎಂದುಕೊಂಡಳು ಗದ್ದೆಮ್ಮ. ಆದರೆ ಜೀವವಿರುವ ಮೊಟ್ಟೆಯನ್ನು ನಾಯಿಗೆ ಬಿಡುವ ಕೈ ಅವಳದಲ್ಲ. ಉಡಿಯಲ್ಲಿ ಕಟ್ಟಿಕೊಂಡು ಮನೆಗೆ ತಂದು, ಮರಳು ತುಂಬಿದ ಗಡಿಗೆಯಲ್ಲಿ ಹೂತಿಟ್ಟಳು. ಮರಿಯಾದ ಮೇಲೆ ಯಾರಿಗೂ ಹೇಳದೆ ಹೊಳೆಗೆ ಬಿಡುವುದು ಅವಳ ಎಣಿಕೆ.

ವಿಶಾಖಾ ಕೆದರಿದ ಗುಂಡಿ ಕಂಡು ಕೇಳಿದಳು. “ಇಲ್ಲಿ ಏನರ ಇತ್ತೇನ್ರೀ ಯವ್ವಾ?”

“ನಾಯಿ ಕೆದರೋದೂ ಬರ್ಕೋತಿಯೇನು? ಬರ್ಕೋ.”

ಹುಡುಗಿ ನಿಜವಾಗಿಯೂ ಬರೆದುಕೊಂಡಳು. ಅದನ್ನು ಕಂಡ ಮೇಲೆ ಗದ್ದೆಮ್ಮನಿಗೆ ರಾಯಚೂರಿನ ಸಂತೆಗೆ ಕಲ್ಲಂಗಡಿ ಒಯ್ಯುವಾಗಲೂ ಬೆನ್ನ ಹಿಂದೆ ಯಾರದೋ ಕಣ್ಣಿದ್ದಂತೆ ಅನಿಸುತ್ತಿತ್ತು.

ಎರಡು ತಿಂಗಳು ದಾಟಿತು, ಮೂರೂ ತುಂಬಿತು. ಬೆಳಿಗ್ಗೆ ಸಂಜೆ ಮರಳು ಸರಿಸಿ ಒಂದೊಂದನ್ನೂ ಹೊರಳಿಸಿದ್ದೇ ಬಂತು, ಒಂದೂ ಒಡೆಯಲಿಲ್ಲ. ಕೊನೆಗೆ ಗಡಿಗೆ ನಾರತೊಡಗಿತು. ದಿಬ್ಬದ ಭಯ ಒಂದು ತೂಕವಾದರೆ ಕೈಗುಣ ಹೋದ ಸಂಕಟ ಇನ್ನೊಂದು ತೂಕ. ವಿಶಾಖಾ ಮತ್ತೆ ಬಂದ ದಿನ ಗದ್ದೆಮ್ಮ ನನ್ನ ಕಟ್ಟೆಯ ಮೇಲೇ ಗಡಿಗೆಯನ್ನು ಅವಳ ಮುಂದಿಟ್ಟಳು.

“ನನ್ನ ಕೈ ಎಂದೂ ಸುಳ್ಳಾಗಿಲ್ಲ. ನೀನೇ ಏನರ ಮಾಡಿದಿಯೇನು ಇವಕ್ಕ?”

ಹುಡುಗಿ ಒಂದನ್ನು ಒಡೆದಳು. ಬೆರಳುಗುರಿನಷ್ಟು ಬೆಳೆದು ನಿಂತುಹೋದ ಜೀವ.

“ಹೊರಳಿಸಿದ್ರೇನ್ರೀ?”

“ಹೊರಳಿಸದ ಕಾವು ಯಾವುದದ ಬೇ?”

“ಕೋಳಿದು ಹೊರಳಿಸಬೇಕ್ರೀ. ಆಮಿದು ಹೆಂಗ ಇಟ್ಟದೋ ಹಂಗ ಇರಬೇಕು. ಒಳಗ ಮರಿ ಮ್ಯಾಲಿನ ಸಿಪ್ಪಿಗೆ ಅಂಟ್ಕೊಂಡಿರ್ತದ. ಎತ್ತೋ ಮುಂದ ಪೆನ್ಸಿಲ್‌ಲೆ ನೆತ್ತಿ ಗುರುತು ಹಾಕಿ ಎತ್ತಬೇಕ್ರೀ.”

ಹುಡುಗಿ ಪುಸ್ತಕ ತೆಗೆದು ಬರೆಯುತ್ತಲೇ ಗದ್ದೆಮ್ಮ ಅದನ್ನು ಕಸಿದು ನನ್ನ ಕೈಗಿತ್ತಳು.

“ಓದಣ್ಣಾ. ನನ್ನ ದಿಬ್ಬ ಅದ ಏನು ಅದರಾಗ?”

‘ಹದಿನೆಂಟು ಮೊಟ್ಟೆ, ಮರಿಯಾಗಲಿಲ್ಲ. ಹೊಳೆದಂಡೆ.’ ಅಷ್ಟೇ ಇತ್ತು. ಮತ್ತೊಮ್ಮೆ ಓದಿಸಿದಳು. ನಂಬಿದಳೆಂದು ನಾನು ಹೇಳಲಾರೆ.

ಈ ವರ್ಷ ಮತ್ತೆ ಬಳ್ಳಿಯ ಬುಡದಲ್ಲಿ ಮೊಟ್ಟೆ ಕಂಡಿತು. ಮುಟ್ಟದೆ ಮುಳ್ಳುಕಂಟಿ ಮುಚ್ಚಿ, ನನ್ನಿಂದ ಫೋನು ಹಚ್ಚಿಸಿ ತಾನೇ ಹುಡುಗಿಯನ್ನು ಕರೆಸಿದಳು. ನಾಯಿ ಹೋಗಲಾಗದ ಆಚೆಯ ನಡುಗಡ್ಡೆಗೆ ಸಾಗಿಸುವುದೆಂದು ಮಾತಾಯಿತು. ಆದರೆ ಗದ್ದೆಮ್ಮ ಅವಳನ್ನು ದಡದಲ್ಲೇ ತಡೆದು ನಿಲ್ಲಿಸಿದಳು.

“ಆ ಡಬ್ಬಿ ಇಲ್ಲೇ ಬಿಚ್ಚಿಡು. ಫೋನೂ ಇಡು. ಪೆನ್ಸಿಲ್ ನನ್ನ ಕೈಯಾಗ ಕೊಡು.”

“ಜಾಗ ಬರೀಲಿಲ್ಲಂದ್ರ ನನ್ನ ಕೆಲಸ ಅರ್ಧ ಆಗ್ತದ್ರೀ ಯವ್ವಾ.”

“ಅರ್ಧರ ಆಗ್ಲಿ. ಇಲ್ಲಂದ್ರ ಮನಿಗೆ ಹೋಗು.”

ಹುಡುಗಿ ನಕ್ಕು ಬಿಚ್ಚಿಟ್ಟಳು. ಗದ್ದೆಮ್ಮ ಕೋಳಿಬುಟ್ಟಿ ತಂದು ಎರಡರ ಮೇಲೂ ಕವುಚಿ, ನನ್ನನ್ನು ಕಾವಲಿಗೆ ಕೂರಿಸಿದಳು. ಇಬ್ಬರೂ ಮರಳಲ್ಲಿ ಕುಕ್ಕುರುಗಾಲಲ್ಲಿ ಕೂತು, ಒಂದೊಂದು ಮೊಟ್ಟೆಗೂ ನೆತ್ತಿಯ ಗುರುತು ಹಾಕುತ್ತಿದ್ದುದು ದಡದಲ್ಲಿ ನಾನು ಕೂತಲ್ಲಿಗೇ ಕಾಣುತ್ತಿತ್ತು. ನಡುವೆ ಗದ್ದೆಮ್ಮ ತಲೆಯೆತ್ತಿ ಕೂಗಿದಳು:

“ಅಣ್ಣಾ, ಬುಟ್ಟಿ ಎತ್ತಿ ನೋಡಬ್ಯಾಡ! ಡಬ್ಬಿಗೆ ದಿಬ್ಬ ಕಂಡೀತು!”