ಹರಿಹರ ದಾಟಿ ಹೋದ ಮಂಗಳವಾರ

ವಡೋದರಾದಿಂದ ಒಬ್ಬಳೇ ಕಾರು ಓಡಿಸಿಕೊಂಡು ಹೊರಟ ರೂಪಶ್ರೀಗೆ ನಾಲ್ಕನೆಯ ದಿನ ಮಧ್ಯಾಹ್ನ ತುಂಗಭದ್ರೆಯ ಸೇತುವೆ ಕಂಡಾಗ ಅಳು ಉಕ್ಕಿ ಬಂತು. ಅಳಲು ಪುರುಸೊತ್ತಿರಲಿಲ್ಲ. ಹಿಂದೆ ಮೆಕ್ಕೆಜೋಳದ ಲಾರಿಯವನು ಒಂದೇ ಸಮನೆ ಹಾರನ್ ಬಡಿಯುತ್ತಿದ್ದ. ಹೊಳೆ ದಾಟಿದರೆ ಹರಿಹರ. ಅಲ್ಲಿ ಅವರ ಹೊಸ ಬಾಡಿಗೆ ಮನೆ. ಆ ಮನೆಯಲ್ಲಿ ಹದಿನಾಲ್ಕು ತಿಂಗಳ ಮಗ ಕೊಟ್ಟೂರೇಶ್. ಹುಟ್ಟಿದ ಮೇಲೆ ಅವನು ತಾಯಿಯನ್ನು ಬಿಟ್ಟು ಒಂದು ರಾತ್ರಿಯೂ ಮಲಗಿದವನಲ್ಲ. ಈಗ ನಾಲ್ಕು ರಾತ್ರಿ ಆಗಿತ್ತು. ಐದನೆಯದು ಆಗಬಾರದು ಎನ್ನುವುದೊಂದೇ ಅವಳ ತಲೆಯಲ್ಲಿದ್ದದ್ದು.

ಅಷ್ಟರಲ್ಲಿ ಅತ್ತೆ ಶಕುಂತಲಮ್ಮನ ಫೋನು ಬಂತು.

"ಎಲ್ಲಿದೀಯವ್ವಾ?"

"ಹೊಳೆ ದಾಟ್ತಿದೀನಿ ಅತ್ತೆ. ಹತ್ತು ನಿಮಿಷ, ಬಂದೆ."

"ಇಲ್ಲಿಗೆ ಬರಬ್ಯಾಡ. ಇವತ್ತು ಮಂಗಳವಾರ ಐತೆ. ಸೀದಾ ದಾವಣಗೆರೆಗೆ ನಮ್ಮ ಭವ್ಯಾನ ಮನಿಗೆ ಹೋಗು. ನಾಳೆ ಬೆಳಿಗ್ಗೆ ಆರೂವರೆಗೆ ಚಲೋ ಹೊತ್ತು ಐತೆ, ಆವಾಗ ಬಂದು ಹಾಲು ಉಕ್ಕಿಸೀಯಂತೆ."

"ಕೂಸಿನ ಮುಖನಾದ್ರೂ ನೋಡಿ ಹೋಗ್ತೀನಿ."

"ಬಾಗಿಲ ತನಕ ಬಂದು ತಿರುಗಿ ಹೋದರೆ ಅದು ಇನ್ನೂ ಕೆಟ್ಟದ್ದು. ಅವ ಆಡ್ಕೊಂಡು ಆರಾಮದಾನೆ."

ಬಾಡಿಗೆ ಮನೆ. ಹನ್ನೊಂದು ತಿಂಗಳ ಕರಾರು. ಅದಕ್ಕೂ ಒಂದು ಮಂಗಳವಾರ.

ಸೋಮವಾರವೇ ಬರಬೇಕಿತ್ತು. ಕೊಲ್ಹಾಪುರದಲ್ಲಿ ಕಾರಿನ ಕ್ಲಚ್ ಹೋಗಿ ಒಂದು ದಿನ ಗ್ಯಾರೇಜಿನ ಪಾಲಾಯಿತು. ಅಷ್ಟು ದೂರ ಅವಳೇ ಯಾಕೆ ಓಡಿಸಬೇಕಿತ್ತು ಎಂದರೆ, ಗಂಡ ವೀರೇಶನ ಹತ್ತಿರ ಲೈಸೆನ್ಸ್ ಇತ್ತು, ಧೈರ್ಯ ಇರಲಿಲ್ಲ. ಲಾರಿ ಕಂಡರೆ ಅವನು ಬ್ರೇಕು ಒತ್ತಿ ಕಣ್ಣು ಮುಚ್ಚುತ್ತಿದ್ದ. ಆದ್ದರಿಂದ ಅವನು ಅಮ್ಮ, ಮಗು ಸಮೇತ ಶುಕ್ರವಾರವೇ ರೈಲು ಹತ್ತಿ ಶನಿವಾರ ಬಂದಿಳಿದ. ಸಾಮಾನು ಲಾರಿಯಲ್ಲಿ ಬಂತು. ಒಲೆ ಮಾತ್ರ ಕಾರಿನಲ್ಲಿ, ಅವಳ ಜೊತೆ. ಹಳೇ ಮನೆಯ ಒಲೆ ಮನೆಯ ಹೆಣ್ಣುಮಗಳ ಜೊತೆಗೇ ಬರಬೇಕಂತೆ. ಇದೂ ಅತ್ತೆಯ ಅಪ್ಪಣೆಯೇ. ನಾಲ್ಕು ದಿನ ಹಿಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿಸಿಕೊಂಡು ಆ ಎರಡು ಬರ್ನರಿನ ಒಲೆ ಮಹಾರಾಣಿಯ ಹಾಗೆ ಕೂತು ಬಂತು.

ಹರಿಹರದ ತಿರುವು ಬಂತು. ಇಂಡಿಕೇಟರ್ ಹಾಕಿದ್ದ ಕೈಯೇ ಅದನ್ನು ಆರಿಸಿತು. ವಾದ ಮಾಡುವುದಕ್ಕಿಂತ ಹೇಳಿದಂತೆ ಕೇಳುವುದು ಬೇಗ ಮುಗಿಯುತ್ತದೆ ಎಂದು ನಾಲ್ಕು ವರ್ಷದ ಸಂಸಾರದಲ್ಲಿ ಕಲಿತಿದ್ದಳು. ಸಾವಿರ ಕಿಲೋಮೀಟರಿಗೂ ಮೇಲೆ ಓಡಿಸಿ, ತನ್ನ ಮನೆಯನ್ನು ತಾನೇ ದಾಟಿಕೊಂಡು ಮುಂದಿನ ಊರಿಗೆ ಹೋದಳು.

ದಾವಣಗೆರೆಯ ಆನೆಕೊಂಡದ ಮನೆಯಲ್ಲಿ ವೀರೇಶನ ಅಕ್ಕ ಭವ್ಯಾ ಮಂಡಕ್ಕಿ ಕಲಸಿ, ಮೆಣಸಿನಕಾಯಿ ಕರಿದು ಕಾದಿದ್ದಳು.

"ಒಬ್ಬಳೇ ಬಂದೀಯಲ್ಲ, ಹೆದರಿಕಿ ಆಗಲಿಲ್ಲೇನು? ನಾನಾಗಿದ್ರೆ ಬಿಡ್ತಿರಲಿಲ್ಲಪ್ಪ, ಕೂಸನ್ನ ಬಿಟ್ಟು ಹೆಂಗೆ ಬಂದಿ?"

ಹೆದರಿಕೆ ಆಗಿತ್ತು. ದಾರಿಯುದ್ದಕ್ಕೂ, ಪ್ರತಿ ಟೋಲಿನಲ್ಲೂ ಫೋನ್ ಮಾಡಿದ್ದಳು. ರಾಗಿ ಸರಿ ತಿಂದನಾ, ಮೈ ಬಿಸಿ ಇದೆಯಾ, ಕೆಮ್ಮಿದ್ದು ಯಾರು, ಅವನಾ ನೀವಾ. ಆದರೆ ಭವ್ಯಾನ ಮುಂದೆ ಅದನ್ನು ಹೇಳುವ ಗರಜು ಅವಳಿಗಿರಲಿಲ್ಲ. ಮಂಡಕ್ಕಿ ಬಾಯಿಗೆ ಹಾಕಿಕೊಂಡು ವೀರೇಶನಿಗೆ ವಿಡಿಯೋ ಕಾಲ್ ಮಾಡಿದಳು.

ಮಗ ನಿದ್ದೆಯಲ್ಲಿದ್ದ. ಕೆನ್ನೆಯ ಮೇಲೆ ಕೆಂಪು ಗುಳ್ಳೆ. ತಲೆಯ ಹಿಂದೆ ಕಬ್ಬಿಣದ ಗ್ರಿಲ್, ಗ್ರಿಲ್ಲಿಗೆ ಕಟ್ಟಿದ ಸೊಳ್ಳೆ ಪರದೆ, ಪರದೆಗೊಂದು ತೂತು, ಅದರಾಚೆ ರಸ್ತೆ.

"ಇದು ಯಾವ ರೂಮು?" ಎಂದಳು.

"ವರಾಂಡ," ಎಂದ ವೀರೇಶ.

"ಅವನು ಯಾಕೆ ವರಾಂಡದಲ್ಲಿ ಮಲಗಿದಾನೆ?"

"ಹಾಲು ಉಕ್ಕಿಸಿಲ್ವಲ್ಲ ಇನ್ನೂ. ಅದಕ್ಕೆ ಮುಂಚೆ ಒಳಗೆ ಮಲಗೋ ಹಂಗಿಲ್ಲ ಅಂತ ಅಮ್ಮ…"

"ಶನಿವಾರದಿಂದ?"

ಅವನು ಪರದೆಯ ತೂತನ್ನು ಬೆರಳಿನಿಂದ ಮುಚ್ಚಿದ. ಅದೇ ಉತ್ತರ.

"ಸಾಮಾನು?"

"ಅದು ಒಳಗಿದೆ. ಹಮಾಲರು ಇಳಿಸಿದ ದಿನವೇ ಇಟ್ಟು ಹೋದರು."

ಫ್ರಿಜ್ ಒಳಗೆ. ಮಂಚ ಒಳಗೆ. ಕೂಸು ಹೊರಗೆ. ಹಾಲು ಉಕ್ಕಿಸಬೇಕಾದ್ದು ಆ ಮನೆಯದೇ ಮುತ್ತೈದೆ. ಮಾವ ತೀರಿಕೊಂಡ ಮೇಲೆ ಶಕುಂತಲಮ್ಮ ಅಂಥ ಕೆಲಸಗಳಿಂದ ತಾವೇ ದೂರ ಸರಿದಿದ್ದರು. ವೀರೇಶ ಗಂಡಸು, ಅವನ ಕೈಲಿ ಹಾಲು ಉಕ್ಕುವುದಿಲ್ಲವಂತೆ. ಮಗಳ ಮನೆಯಲ್ಲಿ ತಾಯಿ ತಂಗಬಾರದಂತೆ. ಹೀಗಾಗಿ ಮೂರು ಜನ, ಕೀಲಿ ಕೈಯಲ್ಲಿಟ್ಟುಕೊಂಡು, ಖಾನಾವಳಿಯ ರೊಟ್ಟಿ ತಿಂದು, ಬೀಗ ಹಾಕಿದ ಬಾಗಿಲ ಮುಂದೆ ಮೂರು ರಾತ್ರಿ ಕಳೆದಿದ್ದರು.

ರೂಪಶ್ರೀ ತಟ್ಟೆ ಕೆಳಗಿಟ್ಟಳು.

"ಇನ್ನೊಂದು ರಾತ್ರಿ ತಾನೇ," ಎಂದಳು ಭವ್ಯಾ. "ಹದಿನಾಲ್ಕು ಕಿಲೋಮೀಟ್ರು ಎಲ್ಲಿಗೂ ಓಡಿ ಹೋಗಲ್ಲ."

"ಹೌದು ಭವ್ಯಕ್ಕ. ಅದಕ್ಕೇ ಈಗಲೇ ಹೋಗ್ತೀನಿ."

ಐದು ಗಂಟೆಗೆ ಹರಿಹರದ ಆ ಬೀದಿಯಲ್ಲಿ ಕಾರು ನಿಂತಾಗ ಶಕುಂತಲಮ್ಮ ಎದ್ದು ಬಂದು ಗೇಟಿಗೆ ಅಡ್ಡ ನಿಂತರು.

"ಹೇಳಿದ್ನಲ್ಲವ್ವ, ಇವತ್ತು ಬ್ಯಾಡಂತ."

"ನಾನು ಒಳಗೆ ಬರಲ್ಲ ಅತ್ತೆ. ಕೂಸನ್ನ ಕೊಡ್ರಿ."

ವೀರೇಶ ಮಗುವನ್ನು ಗೇಟಿನ ಮೇಲಿಂದ ದಾಟಿಸಿದ. ಮಗ ಅವಳನ್ನು ಯಾರೋ ಎಂಬಂತೆ ನೋಡಿದ. ಆ ಒಂದು ಗಳಿಗೆಯನ್ನು ಅವಳು ಅತ್ತೆಯ ಲೆಕ್ಕಕ್ಕೆ ಬರೆದಿಟ್ಟಳು. ಆಮೇಲೆ ಅವನು ಅವಳ ಕೂದಲು ಹಿಡಿದು ಜಗ್ಗಿ, ಕತ್ತಿನಲ್ಲಿ ಮುಖ ಹುದುಗಿಸಿದ.

ಅವಳು ಒಲೆಯನ್ನು ಮುಂದಿನ ಸೀಟಿಗೆ ತಳ್ಳಿ, ಹಿಂದೆ ದುಪ್ಪಟಿ ಹಾಸಿ, ಮಗನ ಜೊತೆ ಕೂತು ಬಾಗಿಲು ಹಾಕಿಕೊಂಡಳು. ಕಿಟಕಿ ನಾಲ್ಕು ಬೆರಳು ಇಳಿಸಿ ಹೇಳಿದಳು: "ಈ ಕಾರಿಗೆ ಯಾರೂ ಹಾಲು ಉಕ್ಕಿಸಬೇಕಾಗಿಲ್ಲ. ನಾವಿಬ್ರೂ ಇಲ್ಲೇ ಮಲಗ್ತೀವಿ."

"ರಸ್ತಿ ಮ್ಯಾಲಾ?"

"ವರಾಂಡನೂ ರಸ್ತೆ ಮೇಲೇ ಐತಲ್ಲ ಅತ್ತೆ. ಇಲ್ಲಿ ಸೊಳ್ಳೆ ಕಮ್ಮಿ."

ಬೀದಿಯಲ್ಲಿ ಒಂದೊಂದೇ ಬಾಗಿಲು ತೆರೆಯಿತು. ಎದುರು ಮನೆಯ ಖತೀಜಾಬೀ ಒಣಗಿದ ಬಟ್ಟೆ ತೆಗೆಯುವುದನ್ನು ಅರ್ಧಕ್ಕೆ ಬಿಟ್ಟು ಇಳಿದೇ ಬಂದರು.

"ಏನ್ರೀ ಶಕುಂತಲಮ್ಮಾರೇ, ಸೊಸಿನ್ನ ಹೊರಗ ಹಾಕೀರೇನು?"

"ಅಯ್ಯ, ಅಂಥದ್ದೇನಿಲ್ರಿ. ವಾರ ಚಲೋ ಇಲ್ಲಂತ…"

"ಕೂಸು ಮೂರು ದಿನದಿಂದ ಸೊಳ್ಳಿ ಕೈಯಾಗ ಐತಲ್ರಿ, ಅದಕ್ಕ ಯಾವ ವಾರ ಹಿಡ್ಕೊಂಡಿದ್ರಿ?" ಖತೀಜಾಬೀ ಕಿಟಕಿಗೆ ಬಾಗಿದರು. "ನಮ್ಮನಿಗೆ ಬಾರವ್ವ. ಚಾ ಐತೆ, ಫ್ಯಾನ್ ಐತೆ. ಎಷ್ಟು ದಿನ ಆದ್ರೂ ಇರು."

ರೂಪಶ್ರೀ ಬಾಗಿಲ ಹಿಡಿಗೆ ಕೈ ಹಾಕಿದಳು. ನಿಜಕ್ಕೂ ಹೋಗುವವಳೇ ಇದ್ದಳು. ಅದನ್ನು ನೋಡಿ ಶಕುಂತಲಮ್ಮನ ಮುಖ ಬಿಳಿಚಿತು. ಹೊಸ ಊರಿಗೆ ಬಂದು ನಾಲ್ಕು ದಿನ ಆಗಿಲ್ಲ, ಸೊಸೆ ಮೊಮ್ಮಗನನ್ನು ಕಟ್ಟಿಕೊಂಡು ಎದುರು ಮನೆಗೆ ಮಲಗಲು ಹೋದಳು ಎಂಬ ಸುದ್ದಿಯ ಮುಂದೆ ಮಂಗಳವಾರ ಎಷ್ಟರದು.

"ತಡಿ, ತಡಿ. ಐನೋರಿಗೆ ಒಂದು ಮಾತು ಕೇಳ್ತೀನಿ," ಎಂದು ಅವರು ಫೋನ್ ಹಿಡಿದು ಮೂಲೆಗೆ ಹೋದರು.

ಎರಡು ನಿಮಿಷವೂ ಹಿಡಿಯಲಿಲ್ಲ.

"ಎಳೇ ಕೂಸು ಇದ್ದ ಮನಿಗೆ ದೋಷ ಇಲ್ಲಂತೆ. ದೀಪ ಹಚ್ಚಿದ ಮ್ಯಾಲೆ ಉಕ್ಕಿಸಬೋದಂತೆ."

ಎರಡು ನಿಮಿಷದ ಫೋನು. ಶನಿವಾರ ಮಾಡಿದ್ದರೆ ಕೂಸು ಶನಿವಾರವೇ ಒಳಗೆ ಮಲಗುತ್ತಿತ್ತು. ರೂಪಶ್ರೀ ಮಗನನ್ನೆತ್ತಿಕೊಂಡು ಕಾರಿನಿಂದ ಇಳಿದಳು.

ದೀಪ ಹಚ್ಚಿದ ಮೇಲೆ ವೀರೇಶ ಒಲೆ ಹೊತ್ತು ತಂದು ಸಿಲಿಂಡರಿಗೆ ಸಿಕ್ಕಿಸಿದ. ಆ ಕೆಲಸ ಮಾತ್ರ ಕಣ್ಣು ಮುಚ್ಚದೆ ಮಾಡಿದ. ರೂಪಶ್ರೀ ಹಾಲಿಟ್ಟು ಬೆಂಕಿ ಹಚ್ಚಿದಳು. ಶಕುಂತಲಮ್ಮ ಅಡಿಗೆಮನೆಯ ಹೊಸ್ತಿಲಾಚೆಯೇ, ಸೆರಗು ಬಿಗಿಹಿಡಿದು ನಿಂತಿದ್ದರು.

"ಒಳಗೆ ಬರ್ರಿ ಅತ್ತೆ. ಹಾಲು ನೀವು ನೋಡ್ಕೊಳ್ರಿ. ನನಗೆ ಕೆಲಸ ಐತೆ."

"ನಾನು ಹೆಂಗೆ…"

"ಐನೋರಿಗೆ ಆಮ್ಯಾಲೆ ಕೇಳ್ರಿ."

ಅವರು ಅಂಜುತ್ತ ಒಳಗೆ ಬಂದು ಒಲೆಯ ಮುಂದೆ ನಿಂತರು. ರೂಪಶ್ರೀ ನೆಲದ ಮೇಲೆ ಕೂತು, ನಿದ್ದೆಗೆ ಜಾರಿದ್ದ ಮಗನ ಚಡ್ಡಿ ಮೇಲೆ ಸರಿಸಿದಳು. ಎಡಗಾಲಿನಲ್ಲಿ ಏಳು ಗುಳ್ಳೆ, ಬಲಗಾಲಿನಲ್ಲಿ ನಾಲ್ಕು, ಕೆನ್ನೆಯದೊಂದು.

"ಉಕ್ಕಿತು ನೋಡವ್ವ," ಎಂದರು ಶಕುಂತಲಮ್ಮ.

"ಹನ್ನೆರಡು," ಎಂದಳು ರೂಪಶ್ರೀ, ತಲೆ ಎತ್ತದೆ.