ಎನಾಸ್ ಸ್ಟಿಡಮ್‌ನ ಕೋವಿ ಗುರಿ ತಪ್ಪಿದ್ದು

ಕೆಂಟಕಿಯ ಆ ಕಣಿವೆಯಲ್ಲಿ ಎನಾಸ್ ಸ್ಟಿಡಮ್‌ನಷ್ಟು ಜಂಬದ ಗುರಿಕಾರ ಇನ್ನೊಬ್ಬನಿರಲಿಲ್ಲ. ವಾರವೆಲ್ಲ ಮರ ಕೊಯ್ಯುವ ಕೆಲಸ. ಶನಿವಾರ ಬಂತೆಂದರೆ ನಳಿಗೆಯ ಬಾಯಿಂದ ಮದ್ದು ತುಂಬುವ ಅಜ್ಜನ ಕಾಲದ ಕೋವಿ. ದಿಮ್ಮಿಯ ಮೇಲೆ ನಳಿಗೆಯಿಟ್ಟು, ಮಲಗಿ ಹೊಡೆಯುವ ಪಂದ್ಯದಲ್ಲಿ ಬಹುಮಾನದ ಹೋರಿಯ ಹಿಂದೊಡೆಯ ಮಾಂಸ ಪ್ರತಿ ವರ್ಷವೂ ಅವನ ಮನೆಗೇ. ಹೆಂಡತಿ ಆರ್ಫಾ ಅದಕ್ಕೆ ಉಪ್ಪು ತಿಕ್ಕುತ್ತ ಅವನ ಬಡಾಯಿ ಕೇಳಿ ನಗುತ್ತಿದ್ದಳು. ಎಂಥ ದಿನಗಳವು!

ಆರ್ಫಾ ತೀರಿಕೊಂಡ ಮರುವರ್ಷ ಕೋವಿ ಕೈಕೊಟ್ಟಿತು. ಗುಂಡು ಒಮ್ಮೆ ಎಡಕ್ಕೆ, ಒಮ್ಮೆ ಗುರಿಯ ಹಲಗೆಯನ್ನೇ ಬಿಟ್ಟು ಆಚೆಗೆ. ಎನಾಸ್ ಮದ್ದು ಹೆಚ್ಚಿಸಿದ, ಇಳಿಸಿದ. ಪ್ರತಿ ಗುಂಡಿಗೂ ನಳಿಗೆ ಒರೆಸಿದ. ನಳಿಗೆಯ ಅಂಚನ್ನು ಉಗುರಿನಿಂದ ಸವರಿ ನೋಡಿದ. ಎಲ್ಲೂ ಊನವಿಲ್ಲ. ಹಾಗಾದರೆ ಕಣ್ಣೇ ಹೋಯಿತು ಅಂದುಕೊಂಡ. ಬರುವ ಪಂದ್ಯದಲ್ಲಿ ಸೋತರೆ ಕೋವಿಯನ್ನು ಇನ್ನು ಮುಟ್ಟುವುದಿಲ್ಲವೆಂದು ನಿಶ್ಚಯಿಸಿದ.

ಒಂದು ದಿನ ಅವನ ಅಭ್ಯಾಸದ ಹೊಡೆತ ನೋಡುತ್ತಿದ್ದ ನಾದಿನಿ, ಆರ್ಫಾಳ ತಂಗಿ ಡೆಲ್ಜಿಗೆ ತಡೆಯಲಾಗಲಿಲ್ಲ.

"ಏನ್ ಭಾವ, ಹಲಗೆಗೆ ಹೊಡೀತಿದ್ದೀರೋ, ಗುಡ್ಡಕ್ಕೋ?"

ಗುಂಡಿಗೆ ಸುತ್ತಿ ತುಂಬುವ ಕೊಬ್ಬು ಸವರಿದ ಬಟ್ಟೆಚೂರುಗಳು ಗುಂಡಿನ ಜೊತೆ ಹಾರಿ ಮುಂದೆ ಹುಲ್ಲಿನಲ್ಲಿ ಬಿದ್ದಿದ್ದವು. ಡೆಲ್ಜಿ ಬಗ್ಗಿ ಆರಿಸಿದಳು. ಒಂದೊಂದರ ನಡುವೆಯೂ ಸುಟ್ಟ ತೂತು.

"ಯಾವ ಬಟ್ಟೆ ಇದು?"

"ಆರ್ಫಾ ತರ್ತಿದ್ದಿದ್ದೇ. ಅದೇ ಅಂಗಡಿ, ಅದೇ ಹಾಸಿಗೆ ಬಟ್ಟೆ."

"ಒಗೆದ್ರಾ?"

"ಹೊಸ ಬಟ್ಟೇನ ಯಾವನಾದ್ರೂ ಒಗೀತಾನಾ?"

"ಅಯ್ಯೋ ನನ್ನ ಭಾವನೇ! ಗಂಜಿ ಹೋಗದೆ ಅದು ಕೊಬ್ಬು ಹೀರುತ್ತಾ? ಒಳಗೇ ಉರಿದುಹೋಗುತ್ತೆ, ಗುಂಡು ಹಿಡಿತ ತಪ್ಪುತ್ತೆ. ಅಕ್ಕ ಬೂದಿನೀರಲ್ಲಿ ಕುದಿಸಿ, ಹಿಂಡಿ, ಮತ್ತೆ ಕುದಿಸಿ ಮೆತ್ತಗೆ ಮಾಡ್ತಿದ್ಲು. ಇಷ್ಟು ವರ್ಷ ನೀವು ನೋಡೇ ಇಲ್ವಾ?"

ನೋಡಿರಲಿಲ್ಲ. ಕತ್ತರಿಸಿಟ್ಟ ಚೂರುಗಳು ಡಬ್ಬಿಯಲ್ಲಿ ಸದಾ ಇರುತ್ತಿದ್ದವು. ಎಲ್ಲಿಂದ ಬಂದವೆಂದು ಈ ಮಹರಾಯ ಒಮ್ಮೆಯೂ ಕೇಳಿದವನಲ್ಲ. ಅಂದು ತಾನೇ ಒಲೆ ಹೊತ್ತಿಸಿ ಬಟ್ಟೆ ಕುದಿಸಿದ. ಬೂದಿನೀರಿಗೆ ಬೆರಳು ಉರಿದವು. ಆರ್ಫಾಳ ಒರಟು ಕೈಯನ್ನು ತಾನು ಗೇಲಿ ಮಾಡುತ್ತಿದ್ದುದು ನೆನಪಾಯಿತು.

ಪಂದ್ಯದ ದಿನ ಗುಂಡು ಹಲಗೆಯ ನಟ್ಟನಡುವೆ ಕೂತಿತು. ಜನ ಮುತ್ತಿಕೊಂಡರು. "ಮುದುಕನ ಕಣ್ಣು ನೋಡ್ರೋ, ಇನ್ನೂ ಹದ್ದಿನ ಕಣ್ಣು!"

"ನನ್ನ ಕಣ್ಣಲ್ಲಪ್ಪ," ಎಂದ ಎನಾಸ್. "ಇಷ್ಟು ವರ್ಷ ಗೆದ್ದಿದ್ದು ನನ್ನ ಹೆಂಡ್ತಿ."

ತಮಾಷೆಯೆಂದುಕೊಂಡು ಎಲ್ಲರೂ ನಕ್ಕರು. ಮಾಂಸ ಹೊತ್ತು ಮನೆಗೆ ಬಂದವನು ಆ ಮಾತನ್ನೇ ಖಾಲಿ ಅಡುಗೆಮನೆಯಲ್ಲಿ ಇನ್ನೊಮ್ಮೆ ಗಟ್ಟಿಯಾಗಿ ಹೇಳಿ, ಅಲ್ಲೇ ಕೂತು ಅತ್ತುಬಿಟ್ಟ.