ಅಳತೆ ರವಿಕೆ

ಬೆಳಿಗ್ಗೆ ಎದ್ದು ಹಾಲು ಕಾಯಿಸಿದೆ. ನೀರುದೋಸೆ ಹುಯ್ದು ಇವರಿಗೆ ಬುತ್ತಿ ಕಟ್ಟಿದೆ. ಬಟ್ಟೆ ಒಗೆದು ಹಿತ್ತಿಲ ತಂತಿಗೆ ಹರವಿದೆ. ಮೂರು ರವಿಕೆಗೆ ಹುಕ್ಕು ಹಚ್ಚಿದೆ, ಸಂತೆಯ ಬಸಳೆ ಸೋಸಿಟ್ಟೆ, ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಟ್ಟೆ. ಎಣ್ಣೆ ಬಿಟ್ಟ ಮೇಲೆ ಡ್ರಾಯರನ್ನೂ ಒರೆಸಿಬಿಡೋಣ ಅಂತ ಎಳೆದರೆ, ಮುರಿದ ಸೂಜಿ, ಸೀಮೆಸುಣ್ಣದ ಚೂರುಗಳ ಅಡಿಯಲ್ಲಿ ನನ್ನ ಹಳೇ ಟೇಪು ಸಿಕ್ಕಿತು. ಮೊದಲಿಂದ ಕೊನೆಯವರೆಗೆ ಅಂಕಿಗಳು ಚೆನ್ನಾಗಿಯೇ ಇವೆ. ಮೂವತ್ತಾರರ ಆಸುಪಾಸಿನಲ್ಲಿ ಮಾತ್ರ ಹೆಬ್ಬೆರಳು ಒತ್ತಿ ಒತ್ತಿ ಏನೂ ಉಳಿದಿಲ್ಲ. ಮೂವತ್ತಾರರ ಎದೆ ಕೊಪ್ಪದಲ್ಲಿ ನೂರು ಜನಕ್ಕಿದ್ದೀತು. ಆದರೂ ಅದನ್ನು ಅಳಿಸಿದ್ದು ವಾರಿಜ ಟೀಚರೇ ಎಂದು ನಾನು ನಂಬಿದ್ದೇನೆ.

ಟೀಚರ ವಿಷಯಕ್ಕೆ ಮುಂಚೆ ನನ್ನದೊಂದು ಹೇಳಬೇಕು. ನಾನು ಹುಟ್ಟಿದ ಮನೆಯಲ್ಲಿ ಯಾರೂ ಯಾರನ್ನೂ ತಬ್ಬಿಕೊಂಡದ್ದು ನೋಡಿಲ್ಲ. ತಬ್ಬುತ್ತಿದ್ದದ್ದು ಎರಡನ್ನೇ: ಇಳಿಸುವಾಗ ಭತ್ತದ ಮೂಟೆಯನ್ನು, ಕಟ್ಟುವಾಗ ಒದೆಯುವ ಕರುವನ್ನು. ಪ್ರೀತಿ ಇರಲಿಲ್ಲವೆಂದಲ್ಲ, ಅದು ಊಟಕ್ಕೆ ಬಡಿಸುವ ಕೈಯಲ್ಲಿತ್ತು. ಮದುವೆಯಾಗಿ ಹೊರಟ ದಿನ ಅಮ್ಮ ಮಿಡಿ ಉಪ್ಪಿನಕಾಯಿಯ ಭರಣಿ ಕೈಗಿಟ್ಟು, "ಅಲ್ಲಾಡಿಸ್ಬೇಡ, ರಸ ಚೆಲ್ತದೆ" ಎಂದಳು, ಅಷ್ಟೆ. ನರಸಿಂಹರಾಜಪುರದಿಂದ ಕೊಪ್ಪದವರೆಗೆ ಬಸ್ಸಿನಲ್ಲಿ ಭರಣಿಯನ್ನೇ ತಬ್ಬಿಕೊಂಡು ಕೂತಿದ್ದೆ. ಪಕ್ಕದಲ್ಲಿ ಹೊಸ ಗಂಡ ಕೂತಿದ್ದರು. ಅವರ ಕಡೆ ವಾಲಿದರೆ ರಸ ಚೆಲ್ಲುವ ಹೆದರಿಕೆ.

ಟೀಚರ ಮಾತಿಗೆ ಬರುತ್ತೇನೆ. ಎರಡು ಸಾವಿರದ ಇಸವಿ ಕಳೆದು ಮೂರೋ ನಾಲ್ಕೋ ವರ್ಷವಾಗಿರಬೇಕು. ನರಸಿಂಹರಾಜಪುರದ ಕಡೆಯ ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದ ವಾರಿಜ ಟೀಚರ್ ನಮ್ಮ ಬೀದಿಯಲ್ಲೇ ಒಂದು ರೂಮು ಹಿಡಿದು ಬಂದರು. ಮದುವೆಯಾಗಿರಲಿಲ್ಲ. ಹಾಗಂತ ಸೊರಗಿದವರೂ ಅಲ್ಲ. ಲೈಬ್ರರಿ, ಭಜನೆ, ಬೀದಿಯ ಮಕ್ಕಳಿಗೆ ಮಗ್ಗಿ ಎಂದು ದಿನ ತುಂಬಿಸಿಕೊಂಡಿದ್ದರು. ಅವರಿಗೊಂದು ಹುಚ್ಚಿತ್ತು. ಸಿಕ್ಕ ರವಿಕೆ ಕಣವನ್ನೆಲ್ಲ ಹೊಲಿಸುವುದು.

ನಮ್ಮ ಕಡೆ ರವಿಕೆ ಕಣ ಯಾವತ್ತೂ ಹೊಲಿಸುವುದಕ್ಕಲ್ಲ ಎಂಬುದು ನಿಮಗೂ ಗೊತ್ತು. ಅರಿಶಿನ ಕುಂಕುಮದ ಜೊತೆ ಒಬ್ಬರು ಕೊಟ್ಟದ್ದನ್ನು ನಾವು ಇನ್ನೊಬ್ಬರಿಗೆ ಕೊಡುತ್ತೇವೆ, ಅವರು ಮತ್ತೊಬ್ಬರಿಗೆ. ನಾನು ಕೊಟ್ಟ ಹಸಿರು ಕಣವೊಂದು ಶೃಂಗೇರಿ, ಕಿಗ್ಗ ಎಲ್ಲ ಸುತ್ತಿ, ಮಡಿಕೆಯೂ ಮುರಿಯದೆ ನನಗೇ ವಾಪಸು ಬಂದದ್ದಿದೆ. ಅಂಥ ಸೊಳ್ಳೆಪರದೆಯ ಹಾಗಿರುವ ಬಟ್ಟೆಯನ್ನು ಟೀಚರು ತಿಂಗಳಿಗೊಂದರಂತೆ ತಂದು, "ಅಳತೆ ತಗೋ" ಎಂದು ಎರಡೂ ಕೈ ಅಗಲಿಸಿ ನಿಲ್ಲುತ್ತಿದ್ದರು.

"ಅಳತೆ ಬುಕ್ಕಲ್ಲಿದೆ ಟೀಚರೇ. ಹೋದ ತಿಂಗಳು ತಾನೇ ತಗೊಂಡಿದ್ದು."

"ನಾನೆಂತ ಲೈಟು ಕಂಬವಾ, ಇದ್ದ ಹಾಗೇ ಇರ್ಲಿಕ್ಕೆ? ಸುಮ್ನೆ ತಗೋ ಮಾರಾಯ್ತಿ."

ಎದೆಯ ಸುತ್ತಳತೆ ತೆಗೆಯುವುದನ್ನು ನೋಡಿದ್ದೀರಲ್ಲ. ಎದುರಿಗೆ ನಿಂತು, ಎರಡೂ ಕೈ ಬೆನ್ನ ಹಿಂದೆ ಹಾಯಿಸಿ, ಟೇಪು ಹಿಡಿದು ಮುಂದಕ್ಕೆ ತರಬೇಕು. ಆ ಒಂದು ಗಳಿಗೆ ನನ್ನ ಕೆನ್ನೆ ಅವರ ಹೆಗಲ ಹತ್ತಿರ ಇರುತ್ತಿತ್ತು. ಚಂದ್ರಿಕಾದಂಥ ಯಾವುದೋ ಸೋಪಿನ ವಾಸನೆ. ಟೀಚರು ಕಣ್ಣು ಮುಚ್ಚುತ್ತಿದ್ದರು. ಬಿಗಿ ನೋಡಿಕೊಳ್ಳುತ್ತಿದ್ದಾರೆ ಎಂದುಕೊಂಡಿದ್ದೆ. ಇಪ್ಪತ್ತು ವರ್ಷ ಮೈ ಅಳೆದವಳ ಬುದ್ಧಿ ಅಷ್ಟೇ ಉದ್ದ.

ಆ ವರ್ಷ ನವರಾತ್ರಿಗೆ ಮುಂಚೆ ಹೊಲಿಗೆ ರಾಶಿ ಬಿತ್ತು. ಒಬ್ಬೊಬ್ಬರನ್ನೂ ನಿಲ್ಲಿಸಿ ಅಳೆಯುತ್ತ ಕೂತರೆ ಹಬ್ಬ ಮುಗಿದೀತು ಎಂದು, ಹಳೇ ಕ್ಯಾಲೆಂಡರಿನ ಬೆನ್ನಿಗೆ ಇವರ ಕೈಯಲ್ಲಿ ಬರೆಸಿ ಬಾಗಿಲಿಗೆ ನೇತುಹಾಕಿದೆ: 'ಅಲತೆ ರವಿಕೆ ತಂದವರಿಗೆ ಮಾತ್ರ.' ಮೈಗೆ ಸರಿಯಾದ ಹಳೇ ರವಿಕೆಯೊಂದನ್ನು ಕೊಟ್ಟು ಹೋದರೆ ಆಯಿತು, ಮನುಷ್ಯರು ಬೇಡ. ಇವರು ಶೃಂಗೇರಿ ಬಸ್ಸಿನ ಕಂಡಕ್ಟರು. ಟಿಕೇಟಿನಲ್ಲಿ ಎಂದೂ ತಪ್ಪಿದವರಲ್ಲ, ಕಾಗುಣಿತ ಮಾತ್ರ ದೇವರಿಗೇ ಪ್ರೀತಿ.

ಟೀಚರು ಬಂದವರೇ ಬೋರ್ಡು ನೋಡಿ, ನನ್ನ ಸೀಮೆಸುಣ್ಣ ತಗೊಂಡು 'ಲ'ವನ್ನು 'ಳ' ಮಾಡಿದರು. "ಕಂಡಕ್ಟರಿಗೆ ಹೇಳು, ಅಳತೆಗೆ ಳ. ಹತ್ತು ಸಲ ಬರೀಲಿ." ತಿದ್ದಿ ಮುಗಿದ ಮೇಲೆ ಇಡೀ ಸಾಲು ಓದಿದರೆಂದು ಕಾಣುತ್ತದೆ. ಸೀಮೆಸುಣ್ಣ ನನ್ನ ಮುಂದೆ ವಾಪಸಿಟ್ಟರು.

"ನಂಗೂನಾ?"

"ಎಲ್ರಿಗೂ ಒಂದೇ ರೂಲು ಟೀಚರೇ" ಎಂದೆ, ಮೆಷಿನ್ನಿನಿಂದ ತಲೆಯೆತ್ತದೆ.

ಮನೆಗೆ ಹೋಗಿ ಹಳೇ ರವಿಕೆ ತಂದಿಟ್ಟರು. ಹೊಲಿದು ಕೊಟ್ಟೆ. ಆಮೇಲೆ ಬರಲಿಲ್ಲ. ನವರಾತ್ರಿ ಹೋಯಿತು, ದೀಪಾವಳಿಯೂ ಹೋಯಿತು. ದಾರಿಯಲ್ಲಿ ಸಿಕ್ಕರೆ, "ಆರಾಮಾ?" ಎಂದು ಮುಂದೆ ನಡೆಯುತ್ತಿದ್ದರು. ಮೊದಮೊದಲು ಒಂದು ಕೆಲಸ ಕಡಿಮೆಯಾಯಿತು ಅನ್ನಿಸಿತು. ಆಮೇಲೆ ಯಾಕೋ ತಿಂಗಳ ಕೊನೆಗೆ ಬಾಗಿಲ ಕಡೆ ನೋಡುವುದು ಅಭ್ಯಾಸವಾಯಿತು. ಕೊನೆಗೆ, ಅವರ ಅಳತೆ ರವಿಕೆ ನನ್ನಲ್ಲೇ ಉಳಿದಿದೆ ಎಂಬ ನೆಪ ಹಿಡಿದು ಒಂದು ಮಧ್ಯಾಹ್ನ ರೂಮಿಗೆ ಹೋದೆ.

"ಬೀರುವಲ್ಲಿ ಇಡು" ಎಂದು ಒಲೆಗೆ ಕಾಫಿ ಇಟ್ಟರು. ಬೀರು ತೆಗೆದರೆ ನಾನು ಹೊಲಿದ ರವಿಕೆಗಳೆಲ್ಲ ಸಾಲಾಗಿ ಕೂತಿವೆ. ನಾನು ಮಡಿಸಿದ ಮಡಿಕೆ, ನಾನೇ ಚುಚ್ಚಿದ ಗುಂಡುಪಿನ್ನು, ಒಂದೂ ಬಿಚ್ಚಿಲ್ಲ.

"ಇದೆಂತ ಟೀಚರೇ, ಒಂದೂ ಹಾಕ್ಕೊಂಡಿಲ್ವಲ್ಲ. ಹೊಲಿಗೆ ಸರಿ ಇಲ್ವಾ?"

"ಹೊಲಿಗೆಗೇನು, ನೂರಕ್ಕೆ ನೂರು." ಕಾಫಿ ಸೋಸುತ್ತ, ಲೆಕ್ಕ ಬಿಡಿಸಿ ಹೇಳುವ ದನಿಯಲ್ಲೇ ಹೇಳಿದರು: "ಶಾಲೇಲಿ ಒಂದನೇ ಕ್ಲಾಸಿನ ಹುಡುಗೀರು ಸೆರಗು ಬಿಡ್ತಿರಲಿಲ್ಲ ನೋಡು. ಬೈದ್ರೂ ಬಂದು ಕಾಲು ತಬ್ಕೊಳ್ಳೋವು. ರಿಟೈರಾದ ಮೇಲೆ ನನ್ನ ಮೈ ಮುಟ್ಟಿದವಳು ನೀನೊಬ್ಬಳೇ. ಬಸ್ಸಲ್ಲಿ ಮೊಣಕೈ ತಾಗೋದನ್ನ ಲೆಕ್ಕಕ್ಕೆ ಹಿಡೀಲಿಕ್ಕಾಗಲ್ಲ."

ಟೇಪು ಎಂದಿನಂತೆ ನನ್ನ ಕೊರಳಲ್ಲೇ ಇತ್ತು. ಹೊಲಿಯುವವರ ಕೊರಳಲ್ಲಿ ತಾಳಿ ಮರೆತರೂ ಟೇಪು ಮರೆಯುವುದಿಲ್ಲ. "ಅಳತೆ ತಗೊಳ್ಲಾ?" ಎಂದೆ. ಲೋಟ ಕೆಳಗಿಟ್ಟು ಕೈ ಅಗಲಿಸಿದರು. ಬೆನ್ನ ಹಿಂದೆ ಹೋದ ಕೈ ಮುಂದೆ ಬರಲಿಲ್ಲ, ಅಲ್ಲೇ ಉಳಿಯಿತು. ನನಗೆ ಬಾರದ ವಿದ್ಯೆ, ಎಲ್ಲಿ ಬಿಗಿ ಎಲ್ಲಿ ಸಡಿಲ ತಿಳಿಯದು, ಮೂಟೆ ಹಿಡಿದಂತೆಯೇ ಹಿಡಿದಿದ್ದಿರಬೇಕು. ಅವರ ಉಸಿರು ನಿಧಾನವಾಯಿತು. ನನ್ನದೂ ಆಯಿತು. ಹಬ್ಬದ ಹೊಲಿಗೆಯಿಂದ ಹಿಡಿದುಕೊಂಡಿದ್ದ ನನ್ನ ಕತ್ತು ಎಣ್ಣೆ ತಿಕ್ಕಿದರೂ ಬಿಟ್ಟಿರಲಿಲ್ಲ, ಆಗ ಬಿಟ್ಟಿತು.

"ಎಷ್ಟು ಬಂತು?" ಎಂದರು, ನನ್ನ ಹೆಗಲ ಮೇಲಿಂದ.

"ನೋಡ್ಲಿಲ್ಲ ಟೀಚರೇ."

"ಹಾಗಾದ್ರೆ ಇನ್ನೊಂದ್ಸಲ ತೆಗಿ."

ಬೋರ್ಡು ಆ ಸಂಜೆಯೇ ಇಳಿಯಿತು. ಅಳತೆ ರವಿಕೆ ತಂದವರನ್ನೂ, "ಇರ್ಲಿ, ಒಂದ್ಸಲ ನೋಡಿಬಿಡೋಣ" ಎಂದು ನಿಲ್ಲಿಸಿಕೊಳ್ಳತೊಡಗಿದೆ. ಎಷ್ಟು ಜನ ಆ ಗಳಿಗೆಯಲ್ಲಿ ಕಣ್ಣು ಮುಚ್ಚುತ್ತಾರೆ ಎಂಬುದು ಆಮೇಲೆ ಕಾಣಿಸಿತು. ಟೀಚರು ಈಗ ಶೃಂಗೇರಿಯಲ್ಲಿ ತಂಗಿಯ ಜೊತೆಗಿದ್ದಾರೆ. ತಿಂಗಳಿಗೊಮ್ಮೆ ಹೋಗುತ್ತೇನೆ, ಟೇಪು ಬಿಟ್ಟು. ಬರುವಾಗ ಒಂದು ರವಿಕೆ ಕಣ ಕೊಡುತ್ತಾರೆ; ನಾನು ಬಿಡದೆ ಹೊಲಿದು ಹಾಕಿಕೊಳ್ಳುತ್ತೇನೆ.

ಇಷ್ಟೆಲ್ಲ ನೆನೆಸಿಕೊಳ್ಳುವಷ್ಟರಲ್ಲಿ ಸಂಜೆಯಾಗಿ ಇವರು ಬಂದರು. ಬ್ಯಾಗು ಮೊಳೆಗೆ ಸಿಕ್ಕಿಸಿ ತಿರುಗುವಾಗ ಹಳೇ ಟೇಪನ್ನು ಸುಮ್ಮನೆ ಇವರ ಬೆನ್ನ ಹಿಂದೆ ಹಾಯಿಸಿದೆ.

"ಎಂಥದು ಮಾರಾಯ್ತಿ, ನಂಗೂ ರವಿಕೆಯಾ?"

"ಅಲ್ಲಾಡಬೇಡಿ. ರಸ ಚೆಲ್ತದೆ."

ಯಾವ ರಸ ಎಂದು ಕೇಳಲಿಲ್ಲ, ಅಲ್ಲಾಡಲೂ ಇಲ್ಲ. ರಾತ್ರಿ ಬಸಳೆ ಹುಳಿ, ಅನ್ನ, ಒಂದೊಂದು ಮಿಡಿ ಉಪ್ಪಿನಕಾಯಿ. ಮೊದಲು ನಿದ್ದೆ ಹೋದದ್ದು ಇವರು, ನನ್ನ ಕೈ ಇವರ ಬೆನ್ನ ಮೇಲಿರುವಾಗಲೇ.